ಏಣಿ ಮೇಲಿನ ಸಾಹಿತಿ

ಯಾದಗಿರಿ ಜಿಲ್ಲೆಯಲ್ಲಿ ಅತಿ ಹೆಚ್ಚು ಓದುಗರಿರುವ ಲೇಖಕ ಯಾರು ಎಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ನಮ್ಮ ಮಾಮಾನ ಕಡೆ ಬೆರಳು ತೋರಿಸುತ್ತೇನೆ. ನಮ್ಮವ್ವನ ಖಾಸಾ ತಮ್ಮ. ಒಂದು ಪುಸ್ತಕ ಪ್ರಕಟಿಸಿಲ್ಲ. ಶಾಲು ಹೊದ್ದಿಲ್ಲ, ಹಾರ ಹಾಕಿಸಿಕೊಂಡಿಲ್ಲ, ಸಮ್ಮೇಳನದ ಊಟದ ಸಾಲಿನಲ್ಲಿ ಕೂಡ ನಿಂತಿಲ್ಲ. ಆದರೂ ಸುರಪುರದಲ್ಲಿ ಬಸ್ಸು ಹತ್ತಿ ಶಹಾಪುರದ ಮೇಲೆ ಯಾದಗಿರಿಗೆ ಹೊರಟ ಪ್ರತಿಯೊಬ್ಬರೂ, ಬೇಕಿರಲಿ ಬೇಡದಿರಲಿ, ಅವನ ಬರಹ ಓದಲೇಬೇಕು. ನಿದ್ದೆ ಹೋದವರಷ್ಟೇ ಬಚಾವು! ಯಾಕೆಂದರೆ ಅವನು ಬರೆಯುವುದು ಕಾಗದದ ಮೇಲಲ್ಲ, ಗೋಡೆಯ ಮೇಲೆ. ಅಂಗಡಿಯ ಹೆಸರು, ಗೊಬ್ಬರದ ಜಾಹೀರಾತು, ಶಾಲೆಯ ಕಾಂಪೌಂಡಿನ ಮೇಲಿನ ಹಿತವಚನ, ಟ್ರ್ಯಾಕ್ಟರಿನ ಬೆನ್ನ ಮೇಲಿನ ಶರಣು ಶರಣಾರ್ಥಿ, ಎಲ್ಲವೂ ಅವನ ಕೃತಿಗಳೇ. ಫ್ಲೆಕ್ಸು ಬಂದು ಅರ್ಧ ಕೆಲಸ ತಿಂದು ಹಾಕಿತಾದರೂ, ಗೋಡೆ ಇರುವ ತನಕ ನನಗೇನು ಧಾಡಿ ಎಂದು ಅವನು ಏಣಿ ಹೊತ್ತುಕೊಂಡು ತಿರುಗುತ್ತಲೇ ಇದ್ದ.

ಇಂಥವನ ಬಳಿ ನಾನು ಸಾಹಿತ್ಯ ಕಲಿಯಲು ಹೋದದ್ದು ನಮ್ಮವ್ವನ ಕೃಪೆ. ಯಾದಗಿರಿಯ ಶಾಲೆಯೊಂದರಲ್ಲಿ ಮೇಷ್ಟ್ರಾಗಿ ನೆಲೆಯೂರಿದ ಮೇಲೆ ನನಗೆ ಇದ್ದಕ್ಕಿದ್ದಂತೆ ಲೇಖಕನಾಗುವ ಹುಕಿ ಬಂತು. ಹೊಸ ಮೇಜು ಬಂತು, ಟೇಬಲ್ ಲ್ಯಾಂಪು ಬಂತು, ಮೂರು ಬಣ್ಣದ ಪೆನ್ನುಗಳು ಬಂದವು. ಬರಬೇಕಾದ ಕಾದಂಬರಿಯೊಂದು ಬರಲಿಲ್ಲ. ನಾನು ಆರು ತಿಂಗಳು ಮೇಜಿನ ಮುಂದೆ ಕುಳಿತು ಆಕಳಿಸುವುದನ್ನು ನೋಡಿದ ಅವ್ವ ಒಂದು ದಿನ, ಬರೆಯುವುದು ಬಾರದಿದ್ದರೆ ಬರೆಯುವವರ ಹತ್ತಿರ ಹೋಗಿ ಕಲಿ, ನಮ್ಮವರಲ್ಲೇ ಒಬ್ಬನಿದ್ದಾನಲ್ಲ ಎಂದಳು. ಅವಳ ಪಾಲಿಗೆ ಬರೆಯುವುದೆಲ್ಲ ಒಂದೇ. ಕಾದಂಬರಿಯಾದರೇನು, ಕಿರಾಣಿ ಅಂಗಡಿಯಾದರೇನು?

ಹೋದೆ. ಸುರಪುರದ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಮಾಮಾ ಕುಂಚ ತೊಳೆಯುತ್ತಿದ್ದ. ಕಾದಂಬರಿ ಬರೆಯಬೇಕೆಂದಿದ್ದೇನೆ, ಹೇಗೆ ಶುರುಮಾಡಲಿ ಎಂದು ಕೇಳಿದೆ. ಅವನು ಗಂಭೀರವಾಗಿ ತಲೆಯೆತ್ತಿ ಒಂದೇ ಪ್ರಶ್ನೆ ಹಾಕಿದ.

"ಗ್ವಾಡಿ ಎಲ್ಲದ?"

ನಾನು ನಕ್ಕೆ. ಅವನು ನಗಲಿಲ್ಲ. ಗೋಡೆ ಎಷ್ಟು ಅಗಲ, ಎಷ್ಟು ಎತ್ತರ, ಯಾವ ಹಾದಿಗೆ ಮುಖ ಮಾಡಿದೆ, ಮುಂದೆ ಹಾಯುವವರು ನಡೆದು ಹೋಗುತ್ತಾರೋ ಬಸ್ಸಿನಲ್ಲಿ ಹೋಗುತ್ತಾರೋ, ಇದೊಂದೂ ಗೊತ್ತಿಲ್ಲದೆ ಬಣ್ಣ ಕಲಸುವವನು ಹುಚ್ಚ ಎಂದು ತೀರ್ಪು ಕೊಟ್ಟ. ಬಂಧುಗಳೇ, ಬರೆಯಬೇಕೆಂದು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಉಪದೇಶ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ. ನಾನು ಮುನ್ನೂರು ಪುಟ ಬರೆಯಲು ಹೊರಟಿದ್ದೆ. ಯಾರಿಗೆ ಎಂದು ಯೋಚಿಸಿಯೇ ಇರಲಿಲ್ಲ!

ಅಂದಿನಿಂದ ಪ್ರತಿ ರವಿವಾರ ನಾನು ಅವನ ಏಣಿ ಹಿಡಿಯುವ ಶಿಷ್ಯನಾದೆ. ಒಮ್ಮೆ ಕೆಂಭಾವಿಯಲ್ಲಿ ಒಬ್ಬ ಕಿರಾಣಿ ಸಾಹುಕಾರರು ಬೋರ್ಡಿನ ಮೇಲೆ ಬರೆಯಬೇಕಾದ್ದನ್ನು ಒಂದು ಪಟ್ಟಿ ಮಾಡಿ ತಂದಿದ್ದರು. ಮೊದಲು ಮನೆದೇವರ ಕೃಪಾಶೀರ್ವಾದ, ಆಮೇಲೆ ಅಜ್ಜನ ಹೆಸರು, ಅಪ್ಪನ ಹೆಸರು, ತಮ್ಮ ಹೆಸರು, ಇನ್ನೂ ತೊಟ್ಟಿಲಲ್ಲಿದ್ದ ಮೊಮ್ಮಗನ ಹೆಸರು, ಕೊನೆಗೆ 'ಗ್ರಾಹಕರ ಸಂತೃಪ್ತಿಯೇ ನಮ್ಮ ಪರಮ ಧ್ಯೇಯ'. ಮಾಮಾ ಪಟ್ಟಿಯನ್ನು ಎರಡು ಸಲ ಓದಿ, ಅತ್ಯಂತ ವಿನಯದಿಂದ ಕೇಳಿದ.

"ಸಾಹುಕಾರ್ರ, ನಿಮ್ಮ ಅಂಗಡ್ಯಾಗ ಉಳ್ಳಾಗಡ್ಡಿ ಸಿಗ್ತಾವೇನ್ರಿ?"

"ಸಿಗ್ತಾವ. ಯಾಕ?"

"ಅಲ್ಲ, ಇದನ್ನ ಪೂರಾ ಓದಿದ್ರೂ ಗೊತ್ತಾಗಲಿಲ್ಲ, ಅದಕ್ಕ ಕೇಳಿದೆ."

ಸಂಜೆ ಹೊತ್ತಿಗೆ ಬೋರ್ಡಿನ ಮೇಲೆ ಎರಡೇ ಮಾತು ನಿಂತಿದ್ದವು: 'ಕಿರಾಣಿ ಅಂಗಡಿ'. ತೊಟ್ಟಿಲ ಮೊಮ್ಮಗನಿಗಾಗಿ ಒಂದು ಮೂಲೆಯಲ್ಲಿ ಗುಬ್ಬಿಯ ಚಿತ್ರ ತೆಗೆದುಕೊಟ್ಟ. ನಾನು ಮನೆಗೆ ಬಂದು, ಅಷ್ಟರಲ್ಲಿ ಹೇಗೋ ಗೀಚಿಟ್ಟಿದ್ದ ನನ್ನ ಕಾದಂಬರಿಯ ಮೊದಲ ಅಧ್ಯಾಯ ತೆಗೆದು ನೋಡಿದೆ. ಹದಿನೆಂಟು ಪುಟ ಬರೀ ಕೃಪಾಶೀರ್ವಾದ! ಕಥೆ ಎಂಬ ಉಳ್ಳಾಗಡ್ಡಿ ಎಲ್ಲೂ ಕಾಣಲಿಲ್ಲ.

ಇನ್ನೊಂದು ರವಿವಾರ, ಈ ವಾರ ಬರೆಯಲು ಮೂಡ್ ಬರಲಿಲ್ಲ ಎಂದು ಹೇಳಿಬಿಟ್ಟೆ. ಲೇಖಕರೆಲ್ಲ ಹಾಗೇ ಹೇಳುತ್ತಾರಲ್ಲ! ಮಾಮಾ ಕುಂಚ ಕೆಳಗಿಟ್ಟ.

"ಯಾವ ಬಸ್ಸಿಗಿ ಬರ್ತದ ಅಳಿಯಾ, ಅದು? ಹೇಳು, ಸ್ಟ್ಯಾಂಡಿಗಿ ಹೋಗಿ ಕರಕೊಂಡ ಬರ್ತೀನಿ."

ಜ್ವರ ಬಂದ ದಿನವೂ ಅವನು ಏಣಿ ಹತ್ತಿದ್ದನ್ನು ನಾನೇ ಕಂಡಿದ್ದೇನೆ. ಕೆಲಸ ಇಲ್ಲದ ದಿನ ಸ್ವಂತ ಮನೆಯ ಹಿತ್ತಲ ಗೋಡೆಯ ಮೇಲೆ 'ಅ'ದಿಂದ 'ಳ'ದವರೆಗೆ ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದ. ಅತ್ತೆ ಅದರ ಮೇಲೇ ಸಗಣಿಯ ಕುಳ್ಳು ಬಡಿಯುತ್ತಿದ್ದಳು. ಜಿಲ್ಲೆಯಲ್ಲಿ ವರ್ಣಮಾಲೆಯ ವಾಸನೆ ಬರುವ ಕುಳ್ಳು ಸಿಗುತ್ತಿದ್ದದ್ದು ಅವರ ಮನೆಯಲ್ಲಿ ಮಾತ್ರ.

ಬರೆದ ಮೇಲೆ ದೂರ ಹೋಗಿ ನಿಂತು ನೋಡಬೇಕು ಎಂಬುದು ಅವನ ಮತ್ತೊಂದು ನೇಮ. ಏಣಿಯಿಂದ ಇಳಿದವನೇ ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ರಸ್ತೆ ದಾಟುತ್ತಿದ್ದ. ಕಣ್ಣು ಅಕ್ಷರದ ಮೇಲೆ, ಬೆನ್ನು ಭಗವಂತನ ಮೇಲೆ. ವನದುರ್ಗದಲ್ಲಿ ಹೀಗೇ ಹಿಂದೆ ಹೋಗುತ್ತ ಹೋಗುತ್ತ ಒಬ್ಬರ ಮನೆಯ ಮುಂದಿನ ದನಗಳ ನೀರಿನ ತೊಟ್ಟಿಯಲ್ಲಿ ಕುಳಿತುಬಿಟ್ಟ! ಎತ್ತು ಬೆದರಿತು, ಮನೆಯವರು ಓಡಿಬಂದರು, ನಾನು ಕೈ ಚಾಚಿದೆ. ಸೊಂಟದ ತನಕ ನೀರಿನಲ್ಲಿ ಕುಳಿತ ಮಾಮಾ ಗೋಡೆಯಿಂದ ಕಣ್ಣು ಕೀಳದೆ, ಆ 'ಕ' ಸ್ವಲ್ಪ ಸಣ್ಣದಾಗಿದೆ, ಮೊದಲು ಅದನ್ನು ನೋಡು ಎಂದ. ನಾನು ನೋಡಿದೆ. ನಿಜವಾಗಿಯೂ ಸಣ್ಣದಾಗಿತ್ತು.

ಆದರೆ ಅವನ ನಿಜವಾದ ಹುಚ್ಚು ಕಾಗುಣಿತದ್ದು. ನಲವತ್ತು ವರ್ಷಗಳಲ್ಲಿ ಒಂದು ಅಕ್ಷರ ತಪ್ಪು ಬರೆದವನಲ್ಲ ಎಂಬುದು ಅವನ ಏಕೈಕ ಆಸ್ತಿ. ಅಷ್ಟಕ್ಕೇ ಬಿಟ್ಟಿದ್ದರೆ ನೆಂಟರು ಬದುಕುತ್ತಿದ್ದರು! ಜೇಬಿನಲ್ಲಿ ಸದಾ ಒಂದು ಸೀಮೆಸುಣ್ಣ. ಕಂಡವರ ಬೋರ್ಡು ತಿದ್ದುತ್ತಿದ್ದ. ಲಗ್ನಪತ್ರಿಕೆ ಕೊಡಲು ಬಂದವರನ್ನು ಕೂರಿಸಿ, ಚಹಾ ಕುಡಿಸಿ, ಪತ್ರಿಕೆಯನ್ನು ತಿದ್ದಿ ವಾಪಸು ಕಳಿಸುತ್ತಿದ್ದ. ಶಹಾಪುರದಲ್ಲಿ ಒಮ್ಮೆ ಮಧ್ಯಾಹ್ನ ಹಸಿದು ಒಂದು ಖಾನಾವಳಿಯ ಮುಂದೆ ನಿಂತೆವು. ಬೋರ್ಡಿನ ಮೇಲೆ 'ಕಾನಾವಳಿ' ಎಂದಿತ್ತು. ಮಾಮಾನ ಕಾಲು ಅಲ್ಲೇ ನೆಟ್ಟವು. ಮಹಾಪ್ರಾಣ ಇಲ್ಲದ ಕಡೆ ನಾನು ಉಣ್ಣುವುದಿಲ್ಲ ಎಂದ. ನನ್ನ ಅಲ್ಪಪ್ರಾಣ ಹೋಗುವುದರಲ್ಲಿತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಯಜಮಾನಿಗೆ ಇದು ಕೇಳಿಸಿತು. ಅವಳು ಕೈ ನಿಲ್ಲಿಸದೆ ಹೇಳಿದಳು:

"ಯಣ್ಣಾ, 'ಖ' ಬೋರ್ಡಿನ್ಯಾಗ ಇಲ್ಲ, ಚಟ್ನ್ಯಾಗ ಅದ. ಬಂದ ಕುಂದ್ರು."

ಕುಳಿತ. ಉಂಡ. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ, 'ಖ' ಇದೆ ಎಂದು ಒಪ್ಪಿಕೊಂಡ. ಕೈ ತೊಳೆದವನೇ ಹೊರಗೆ ಹೋಗಿ ಬೋರ್ಡಿನ 'ಕಾ' ಅಳಿಸಿ 'ಖಾ' ಬರೆದ ಮೇಲೆಯೇ ಅವನಿಗೆ ತೇಗು ಬಂದದ್ದು.

ಇಂಥ ಮನುಷ್ಯನ ನಲವತ್ತು ವರ್ಷದ ಆಸ್ತಿಯನ್ನು ಒಂದು ಮಧ್ಯಾಹ್ನದಲ್ಲಿ ಹಾಳು ಮಾಡಿದವನು ನಾನು. ಇಲ್ಲಿಯ ತನಕ ನಗಿಸುತ್ತ ಬಂದೆನಲ್ಲ, ಈಗ ಇದನ್ನೂ ಹೇಳಿಬಿಡಬೇಕು.

ಹತ್ತಿಕುಣಿಯಲ್ಲಿ ನಿವೃತ್ತ ಮಾಸ್ತರರೊಬ್ಬರು ತಮ್ಮ ಮನೆಯ ಮುಂದಿನ ಪಡಸಾಲೆಯನ್ನು ಊರಿಗೆ ವಾಚನಾಲಯ ಮಾಡಿ ಬಿಟ್ಟುಕೊಟ್ಟಿದ್ದರು. ಎರಡು ಪೇಪರು, ನಾಲ್ಕು ಬೆಂಚು, ಒಂದು ಕಪಾಟು ಪುಸ್ತಕ, ಗೋಡೆಗೆ ಹೊಸ ಸುಣ್ಣ. ಆದರೆ ಜನ ಒಳಗೆ ಕಾಲಿಡುತ್ತಿರಲಿಲ್ಲ. ಹೊಸ್ತಿಲ ಆಚೆ ನಿಂತು, ಕತ್ತು ಉದ್ದ ಮಾಡಿ, ಮಾಸ್ತರರು ಹಿಡಿದ ಪೇಪರಿನ ಹಿಂಬದಿ ಓದಿ ಹೋಗಿಬಿಡುತ್ತಿದ್ದರು. ಹೆಣ್ಣುಮಕ್ಕಳಂತೂ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆದ್ದರಿಂದ ಬಾಗಿಲ ಮೇಲೆ ದೊಡ್ಡದಾಗಿ 'ಒಳಗೆ ಬರ್ರಿ' ಎಂದು ಬರೆಸಬೇಕೆಂದು ಮಾಸ್ತರರು ಮಾಮಾನನ್ನು ಕರೆಸಿದ್ದರು. ಪುಸ್ತಕದ ಕನ್ನಡದಲ್ಲಿ 'ಒಳಗೆ ಬನ್ನಿ' ಅಂತಲ್ಲವೇ ಎಂದು ನಾನು ನನ್ನ ಪಾಂಡಿತ್ಯ ತೋರಿಸಿದೆ.

"ಬನ್ನಿ ಅಂದ್ರ ನಮ್ಮ ಮಂದಿ ಒಳಗ ಬನ್ನಿ ಗಿಡ ಅದ ಅಂತ ತಿಳಕೊಂತಾರ," ಎಂದರು ಮಾಸ್ತರರು. "ದಸರಾಕ್ಕ ಒಂದ ದಿನ ಬಂದು ಎಲಿ ಹರಕೊಂಡ ಹೋಗ್ತಾರ. ಬರ್ರಿ ಅಂತನ ಬರೀರಿ, ಪೇಂಟರ್ ಸಾಹೇಬ್ರ."

ಮಾಮಾ ಏಣಿ ಹತ್ತಿದ. ನಾನು ಹಿಡಿದುಕೊಂಡೆ. 'ಒಳಗೆ' ಮುಗಿಯಿತು. ಆಗ ನಾನು ಬಾಯಿ ಬಿಟ್ಟೆ. ನೀನು ಹೇಳಿದ್ದನ್ನೆಲ್ಲ ಮಾಡಿದ್ದೇನೆ, ಗೋಡೆ ನೋಡಿದೆ, ಕೃಪಾಶೀರ್ವಾದ ಕಿತ್ತುಹಾಕಿದೆ, ದಿನಾ ಕೂರುತ್ತೇನೆ, ಆದರೂ ಬರೆಯಲು ಒಳಗಿನಿಂದ ಏನೂ ಬರುತ್ತಿಲ್ಲ ಎಂದು ಗೋಳು ತೋಡಿಕೊಂಡೆ. ಮಾಮಾ ಏಣಿಯ ಮೇಲಿಂದಲೇ ಬೈಯತೊಡಗಿದ. ಕೈ ಗೋಡೆಯ ಮೇಲೆ, ಬಾಯಿ ನನ್ನ ಮೇಲೆ.

"ಬರವಲ್ದು ಅಂದ್ರ? ಬರೀಬೇಕು. ಬರದ್ರ ಬರ್ತದ. ಬರೂತನಕ ಬರ್ಯಾಂಗಿಲ್ಲ ಅಂತ ಕುಂತ್ರ ಅದ್ಯಾಕ ಬರ್ತದ? ಮದಲ ನೀ ಬರಿ. ಸುಮ್ಮ ಬರಿ."

ಅಷ್ಟರಲ್ಲಿ ಯಾದಗಿರಿಯ ಬಸ್ಸು ಬಂದು ಹಾರ್ನ್ ಹಾಕಿತು. ಅದು ತಪ್ಪಿದರೆ ಮತ್ತೆ ಎರಡು ತಾಸು ಕಾಯಬೇಕು. ಮಾಮಾ ಇಳಿದ, ನಾನು ಡಬ್ಬಿ ಕಟ್ಟಿದೆ, ಇಬ್ಬರೂ ಓಡಿದೆವು. ನಲವತ್ತು ವರ್ಷಗಳಲ್ಲಿ ಅವನು ದೂರ ನಿಂತು ನೋಡದೆ ಬಂದದ್ದು ಅದೊಂದು ದಿನ.

ಬಾಗಿಲ ಮೇಲೆ ಏನಿತ್ತು ಎಂದು ನೀವು ಊಹಿಸಿರಬೇಕು. 'ಒಳಗೆ ಬರೀರಿ'!

ನಮ್ಮ ಕಡೆಯ ಬಾಯಿಯಲ್ಲಿ ಕರೆಯುವ 'ಬರ್ರಿ'ಗೂ ಬರೆಯಿರಿ ಎನ್ನುವ 'ಬರೀರಿ'ಗೂ ಒಂದು ಕೆಮ್ಮಿನಷ್ಟೇ ಅಂತರ. ಬಾಯಲ್ಲಿ ಹರಿಯುತ್ತಿದ್ದ ಮಾತು ಕುಂಚಕ್ಕೆ ಇಳಿದುಬಿಟ್ಟಿತ್ತು. ಊರವರು ಮಾಮಾನ ಬೋರ್ಡಿನ ಮಾತನ್ನು ಮೀರಿದವರಲ್ಲ. ಬರೀರಿ ಎಂದಿದೆ, ಒಳಗೆ ಹೋಗಿ ಬರೆದರು. ಸುಣ್ಣ ಬಳಿದ ಬಿಳಿ ಗೋಡೆ ಬೇರೆ! ಸಂಕೋಚದಿಂದ ಸುಮ್ಮನಿದ್ದ ಮಾಸ್ತರರು ಹದಿನೈದು ದಿನಕ್ಕೆ ಫೋನು ಮಾಡಿ ತಿಳಿಸಿದರು. ಹಿಂದೆಯೇ ಬೋರ್ಡಿನ ಫೋಟೊ ಎಲ್ಲರ ಮೊಬೈಲಿಗೆ ಹೋಯಿತು. ಸುರಪುರದ ಚಹಾದ ಅಂಗಡಿಗೆ ಮಾಮಾ ಕಾಲಿಟ್ಟರೆ ಯಾರಾದರೊಬ್ಬರು, ಪೇಂಟರ್ ಸಾಹೇಬರು ಒಳಗೆ ಬಂದರೋ ಬರೆದರೋ ಎಂದು ಕೇಳುವರು. ನಲವತ್ತು ವರ್ಷ ಇವನಿಂದ ತಿದ್ದಿಸಿಕೊಂಡ ಊರು, ಸುಮ್ಮನೆ ಬಿಟ್ಟೀತೇ?

ಮಾಮಾ ಕುಂಚವನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ಅದ್ದಿ ಅಟ್ಟದ ಮೇಲಿಟ್ಟ. ಬಂದ ಕೆಲಸಗಳನ್ನು ಬೇಡವೆಂದ. ತಿಂಗಳು ದಾಟಿತು. ಅತ್ತೆ ನನಗೆ ಫೋನು ಮಾಡಿದಳು.

"ಎಂಟ ದಿನ ಆತಪ್ಪಾ, ನಿಮ್ಮ ಮಾಮಾ ನನ್ನ ಅಡಗಿಗಿ ಹೆಸರಿಟ್ಟಿಲ್ಲ. ನಿನ್ನಿ ಮುದ್ದಾಂ ಬ್ಯಾಳಿಗಿ ಉಪ್ಪು ಹಾಕಲಿಲ್ಲ. ಸುಮ್ಮ ಉಂಡು ಎದ್ದ ಹೋಗ್ಯಾನ. ನನಗ ಅಂಜಿಕಿ ಬರಾಕತ್ತದ."

ಮರುದಿನವೇ ಹೋದೆ. ತಪ್ಪು ನನ್ನದು, ನಾನು ಮಾತಾಡಿಸದಿದ್ದರೆ ಹಾಗಾಗುತ್ತಿರಲಿಲ್ಲ ಎಂದೆ. ಅವನು ಬಲಗೈಯನ್ನು ಮುಂದೆ ಚಾಚಿ ತೋರಿಸಿದ. ಬೆರಳುಗಳು ಸಣ್ಣಗೆ ಅದುರುತ್ತಿದ್ದವು.

"ಹಿಂಗಾಗಿ ವರ್ಷ ಆತು ಅಳಿಯಾ. ಗೆರಿ ಅಲುಗಿದ್ರೂ ಅಕ್ಷರ ತಪ್ಪತಿದ್ದಿಲ್ಲ, ಅದಕ್ಕ ಮಂದಿಗಿ ಗೊತ್ತಾಗಿದ್ದಿಲ್ಲ. ಈಗ ಅಕ್ಷರಾನೂ ತಪ್ಪತು. ಇನ್ನ ಏಣಿ ಯಾತಕ್ಕ?"

ಬರೆಯಲು ಬಾರದ ನಾನು ಬರೆಯುವವನೊಬ್ಬನ ಕೈ ನಿಲ್ಲಿಸಿಬಿಟ್ಟಿದ್ದೆ. ಇವನು ಮತ್ತೆ ಕುಂಚ ಹಿಡಿಯದಿದ್ದರೆ ನಾನು ಪೆನ್ನು ಹಿಡಿದು ಯಾವ ಪುರುಷಾರ್ಥ? ಕೊನೆಗೆ, ತಪ್ಪು ಅಕ್ಷರ ಬಾಗಿಲ ಮೇಲೆ ಹಾಗೇ ಉಳಿದಿದೆ, ಬಂದು ಅಳಿಸಿಯಾದರೂ ಹೋಗಬೇಕಂತೆ ಎಂದು ಮಾಸ್ತರರ ಹೆಸರಿನಲ್ಲಿ ಒಂದು ಸುಳ್ಳು ಹೇಳಿದೆ. ತಪ್ಪು ಉಳಿದಿದೆ ಎಂದರೆ ಅವನು ಸುಮ್ಮನೆ ಕೂರುವವನಲ್ಲ. ಎದ್ದ. ಬರಿಗೈಯಲ್ಲಿ ಹೊರಟ. ಅತ್ತೆ ಅಟ್ಟದ ಮೇಲಿಂದ ಕುಂಚ ಇಳಿಸಿ, ಒಂದು ಡಬ್ಬಿ ಬಣ್ಣದ ಜೊತೆ, ಸದ್ದಿಲ್ಲದೆ ನನ್ನ ಚೀಲದಲ್ಲಿ ಹಾಕಿದಳು.

ಹತ್ತಿಕುಣಿಯಲ್ಲಿ ಇಳಿದು ವಾಚನಾಲಯದ ಹತ್ತಿರ ಹೋದರೆ ಹೊಸ್ತಿಲ ಹೊರಗೆ ನಿಂತು ಕತ್ತು ಉದ್ದ ಮಾಡುವವರು ಯಾರೂ ಇರಲಿಲ್ಲ. ಬದಲಿಗೆ ಅಲ್ಲಿ ಹತ್ತಿಪ್ಪತ್ತು ಜೋಡಿ ಚಪ್ಪಲಿ ಇದ್ದವು. ಮಾಮಾ ಬಾಗಿಲ ಮೇಲೆ ಕಣ್ಣೆತ್ತದೆ, ತಲೆ ಬಗ್ಗಿಸಿ ಒಳಗೆ ಹೋದ. ಆಮೇಲೆ ನಿಂತ.

ಕೈಗೆ ಎಟುಕುವಷ್ಟು ಎತ್ತರದ ತನಕ ಗೋಡೆ ತುಂಬಿತ್ತು. ಇದ್ದಿಲು, ಪೆನ್ಸಿಲ್ಲು, ಬಾಲ್ ಪೆನ್ನು, ಒಂದು ಕಡೆ ಕುಂಕುಮ. ಈ ಪೇಪರಿನಲ್ಲಿ ನಮ್ಮೂರ ಸುದ್ದಿ ಯಾವಾಗ ಬರುತ್ತದೆ ಎಂದು ಒಬ್ಬ ಕೇಳಿದ್ದ. ಇಲ್ಲಿ ಏನಾದರೂ ನಡೆದರೆ ಬರುತ್ತದೆ ಎಂದು ಕೆಳಗೆ ಇನ್ನೊಬ್ಬ ಉತ್ತರಿಸಿದ್ದ. ಕೆರೆಯ ನೀರು ಈ ಸಲ ಯಾವ ಕಲ್ಲು ಮುಟ್ಟಿತು ಎಂದು ಯಾರೋ ಗೆರೆ ಎಳೆದು ತೋರಿಸಿದ್ದರು. ಕಿಟಕಿಯ ಪಕ್ಕದಲ್ಲಿ ಹೀಗಿತ್ತು: 'ನಮ್ಮ ಎಮ್ಮಿ ಕಳದದ. ಎಡಗಡಿ ಕೋಡು ಕೆಳಗ ಬಗ್ಗ್ಯದ. ಗಂಗೀ ಅಂತ ಕರದ್ರ ನಿಂತು ನೋಡ್ತದ, ಬರಂಗಿಲ್ಲ.' ಅದರ ಕೆಳಗೆ ಬೇರೆ ಅಕ್ಷರದಲ್ಲಿ 'ಸಿಕ್ಕದ.'

ಮಾಮಾ ಅದನ್ನು ಎರಡು ಸಲ ಓದಿದ. ಅವನ ಮೀಸೆ ಒಂದು ತಿಂಗಳ ಮೇಲೆ ಅಲುಗಿತು.

"ನೋಡಲೇ ಅಳಿಯಾ, ಮೂರ ಮಾತಿನ್ಯಾಗ ಎಮ್ಮಿ ಕಣ್ಣ ಮುಂದ ಬಂದು ನಿಂತದ. ನಿನ್ನ ಕಾದಂಬರ್ಯಾಗ ಇಂಥಾದ್ದ ಒಂದರೆ ಅದ ಏನು?"

ಇರಲಿಲ್ಲ. ಇಲ್ಲವೆಂದು ಒಪ್ಪಿಕೊಂಡೆ. ಅವನು ಬೈದನಲ್ಲ ಎಂದು ಒಳಗೊಳಗೇ ಕುಣಿದೆ.

ಅವನು ಗೋಡೆ ಹಿಡಿದು ಮುಂದೆ ಸಾಗಿದ. ಕಪಾಟಿನ ಪಕ್ಕದ ಮೂಲೆಗೆ ಬಂದು ಬಗ್ಗಿದ. ಅಲ್ಲಿ, ನೆಲದ ಮೇಲೆ ಕುಳಿತು ಬರೆದಿರಬೇಕು ಎನ್ನುವಷ್ಟು ಕೆಳಗೆ, ಇದ್ದಿಲಿನಲ್ಲಿ, ಒಂದೊಂದು ಅಕ್ಷರಕ್ಕೂ ಒಂದೊಂದು ಗಳಿಗೆ ಹಿಡಿದಂತೆ ಎರಡು ಸಾಲು ಇದ್ದವು:

'ನಮ್ಮವ್ವನ ಹೆಸರ ಭಿಮವ್ವ. ಆಕಿ ಹೆಸರ ಯಾರೂ ಎಲ್ಲೂ ಬರದಿಲ್ಲ.'

ಬರೆದವಳು ಹೊಲದ ಕೆಲಸಕ್ಕೆ ಹೋಗುವ ಒಬ್ಬ ಹೆಣ್ಣುಮಗಳೆಂದು ಮಾಸ್ತರರು ಹಿಂದಿನಿಂದ ಮೆಲ್ಲಗೆ ಹೇಳಿದರು. ನಡುವಯಸ್ಸು ದಾಟಿದ ಮೇಲೆ ಅಕ್ಷರ ಕಲಿತವಳಂತೆ. ದಿನಾ ಈ ಬಾಗಿಲ ಮುಂದೆಯೇ ಹಾಯ್ದು ಹೋಗುತ್ತಿದ್ದಳು.

"ನಾನ ಎಷ್ಟೋ ಸಲ ಒಳಗ ಬಾರವ್ವಾ ಅಂದೀನ್ರಿ. ಬಂದಿದ್ದಿಲ್ಲ. ಮನ್ನಿ ತಾನಾಗೇ ಬಂದ್ಲು. ಯಾಕಂತ ಕೇಳಿದ್ರ, ಬಾ ಅಂತ ಎಲ್ಲಾರನೂ ಕರೀತಾರ, ಬರೀ ಅಂತ ನನಗ ಯಾರೂ ಅಂದಿದ್ದಿಲ್ಲ ಅಂದ್ಲು."

ಮಾಮಾನ ಕೈ ಜೇಬಿಗೆ ಹೋಯಿತು. ಸೀಮೆಸುಣ್ಣ ಹೊರಗೆ ಬಂತು. 'ಭಿ'ಯ ಪಕ್ಕದಲ್ಲಿ, ದೀರ್ಘ ಬರಬೇಕಾದ ಜಾಗದ ಮುಂದೆ, ಆ ಕೈ ನಿಂತಿತು. ಲಗ್ನಪತ್ರಿಕೆಯನ್ನೂ ಬಿಡದ ಮನುಷ್ಯ!

"ಮಾಮಾ, ದೀರ್ಘ," ಎಂದೆ.

"ಕಂಡದ." ಅವನು ಸೀಮೆಸುಣ್ಣವನ್ನು ಮತ್ತೆ ಜೇಬಿಗಿಟ್ಟ. "ಬಿಡು. ಅದು ಆಕಿ ಕೈ."

ಅವನು ಆ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಆ ಸಾಲುಗಳನ್ನು ಮತ್ತೊಮ್ಮೆ ಓದಿದ. ಮುಂದಿನ ವಾರ ಸುಣ್ಣ ಬಳಿಸಿಬಿಡುತ್ತೇನೆ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಮಾಸ್ತರರು ಸಮಾಧಾನ ಹೇಳಿದರು. ಮಾಮಾ ಗಡಬಡಿಸಿ ಎದ್ದ. ಸುಣ್ಣದ ಹೆಸರೆತ್ತಿದರೆ ನೋಡಿ ಎಂಬಂತೆ ಅವರನ್ನು ದುರುಗುಟ್ಟಿದ. ಆಮೇಲೆ, ಏಣಿ ಎಲ್ಲಿದೆ ಎಂದು ಕೇಳಿದ.

ನಾನು ಚೀಲದಿಂದ ಕುಂಚ ತೆಗೆದೆ. ಅವನು ಕುಂಚವನ್ನೂ ನನ್ನನ್ನೂ ಒಂದು ಸಲ ನೋಡಿದ. ಯಾರ ಕೆಲಸವಿದು ಎಂದು ಕೇಳಲಿಲ್ಲ.

ಏಣಿ ಏರಿದ. ನಾನು ಏಣಿ ಹಿಡಿದುಕೊಂಡು, ಈ ಸಲ ಬಾಯಿ ಬಿಗಿಹಿಡಿದು ನಿಂತೆ. ಒಳಗಿದ್ದವರು ಒಬ್ಬೊಬ್ಬರಾಗಿ ಹೊರಗೆ ಬಂದು ನಿಂತರು. ಅವನು ತಪ್ಪು ಅಕ್ಷರವನ್ನು ಅಳಿಸಲಿಲ್ಲ. 'ಒಳಗೆ ಬರೀರಿ'ಯ ಎಡಕ್ಕೆ ಉಳಿದಿದ್ದ ಖಾಲಿ ಜಾಗದಲ್ಲಿ, ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದು, ಒಂದೊಂದೇ ಗೆರೆ ಎಳೆಯುತ್ತ, ಒಂದು ಮಾತು ಸೇರಿಸಿದ. 'ಬರ್ರಿ, ಒಳಗೆ ಬರೀರಿ'. 'ರ್ರಿ'ಯ ಗುಡಿಸು ಸ್ವಲ್ಪ ಓರೆಯಾಯಿತು. ಒತ್ತಕ್ಷರದ ಬಾಲ ಅದುರಿತು. ಹಳೆಯ ಮಾಮಾನಾಗಿದ್ದರೆ ಅಳಿಸಿ ಮೂರು ಸಲ ಬರೆಯುತ್ತಿದ್ದ.

ಬರೆದಾದ ಮೇಲೆ ಅವನು ಇಳಿಯಲಿಲ್ಲ. ಗೋಡೆಯ ಕಡೆಗೇ ಮುಖ ಮಾಡಿ, ನನಗಷ್ಟೇ ಕೇಳುವ ಹಾಗೆ, ಜೀವಮಾನದಲ್ಲಿ ಯಾರನ್ನೂ ಕೇಳಿರದ ಒಂದು ಮಾತು ಕೇಳಿದ.

"ಓದಾಕ ಬರ್ತದೇನೋ?"

ನನಗೆ ಆ ಹೊತ್ತಿಗೆ ಒಂದಕ್ಷರವೂ ಕಾಣಿಸುತ್ತಿರಲಿಲ್ಲ, ಕಣ್ಣು ತುಂಬಿಕೊಂಡಿದ್ದವು. ಏಣಿಯಿಂದ ಕೈ ತೆಗೆದು ಒರೆಸಿಕೊಳ್ಳುವ ಹಾಗೂ ಇರಲಿಲ್ಲ.

"ಬರ್ತದ ಮಾಮಾ," ಎಂದೆ.